ಪೆಟ್ಟಿಗೆ ಸಾಹೇಬರು ಮತ್ತು ಬಿಟ್ಟುಹೋದ ಒಂದು ವಾಕ್ಯ

ಮೇಜಿನ ಸುತ್ತ ನಾಲ್ಕು ಜನ ಕುಳಿತು ಆಡುವ ಆಟಗಳನ್ನು ಮಕ್ಕಳ ಕಾಲಹರಣವೆಂದು ಬಗೆದು ಆಟಿಕೆ ಅಂಗಡಿಯ ಕಟ್ಟಕಡೆಯ ಕಪಾಟಿನ ಕೆಳಸಾಲಿಗೆ ತಳ್ಳಿದ್ದ ಕಾಲವೊಂದಿತ್ತು. ಆ ಕಾಲದಲ್ಲಿ, ಪುಸ್ತಕಕ್ಕಿರುವಂತೆ ಆಟಕ್ಕೂ ಒಬ್ಬ ಕರ್ತೃ ಇರುತ್ತಾನೆ, ಅವನ ಹೆಸರು ಮುಚ್ಚಳದ ಮೇಲೆ ಅಚ್ಚಾಗಬೇಕು, ಆಟ ಕೆಟ್ಟರೆ ಅದಕ್ಕೆ ಉತ್ತರ ಹೇಳಲು ಒಬ್ಬ ಪ್ರಕಾಶಕ ಇರಬೇಕು ಎಂದು ಹಟ ಹಿಡಿದು, ಆ ಹಟವನ್ನು ಮೂವತ್ತೊಂದು ವರ್ಷ ಸಡಿಲಿಸದೆ ನಡೆಸಿಕೊಂಡು ಬಂದವರು ನಮ್ಮ ಪೆಟ್ಟಿಗೆ ಸಾಹೇಬರು. ಇವತ್ತು ಈ ಕ್ಷೇತ್ರದಲ್ಲಿ ಕೆಲಸ ಮಾಡುವ ಹತ್ತು ಜನರಲ್ಲಿ ಏಳು ಜನ ಅವರ ಮಹಡಿಯ ಮೆಟ್ಟಿಲು ಹತ್ತಿದವರೇ. ಉಳಿದ ಮೂವರು ಹತ್ತದೇ ಇದ್ದುದಕ್ಕೆ ಕಾರಣ ಹೇಳಿಕೊಂಡು ತಿರುಗುವವರು.

ಆ ಹೆಸರು ಅವರಿಗೆ ಸುಮ್ಮನೆ ಬಂದದ್ದಲ್ಲ. ಹೊಸ ಆಟದ ಮೊದಲ ಪೆಟ್ಟಿಗೆ ಬಂದ ಕೂಡಲೇ ಅವರು ಅದನ್ನು ಮುಚ್ಚಳ ಹಿಡಿದು ಎತ್ತುತ್ತಿದ್ದರು. ಕೆಳಗಿನ ಭಾಗ ತನ್ನ ಭಾರಕ್ಕೆ ತಾನೇ ಮೆಲ್ಲಗೆ, ಉಸಿರು ಬಿಡುತ್ತಾ ಇಳಿಯಬೇಕು. ಧಡಕ್ಕನೆ ಬಿದ್ದರೆ ಸಡಿಲ, ನೇತಾಡುತ್ತಲೇ ಇದ್ದರೆ ಬಿಗಿ. ಎರಡಾದರೂ ಪೆಟ್ಟಿಗೆ ವಾಪಸ್ಸು. ಪೆಟ್ಟಿಗೆ ಮಾಡುವವನು ಇವರನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುತ್ತಿದ್ದ ಎಂಬುದು ಅತಿಶಯೋಕ್ತಿಯಲ್ಲ, ಕಣ್ಣಾರೆ ಕಂಡದ್ದು.

ಅಭಿನಂದನ ಗ್ರಂಥಗಳೆಂದರೆ ಸಾಹೇಬರಿಗೆ ಒಳಗೊಳಗೇ ನಗು. "ಸನ್ಮಾನ ಒಬ್ಬರಿಗೆ, ಆತ್ಮಕಥೆ ಮಾತ್ರ ನಲವತ್ತು ಜನರದ್ದು" ಎನ್ನುತ್ತಿದ್ದರು. ಆ ಮಾತಿಗೆ ಹೆದರಿ ಈ ಲೇಖನದಿಂದ 'ನಾನು' ಎಂಬುದನ್ನು ಹೊರಗಿಡಲಾಗಿದೆ. ಸಂಸ್ಥೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಆಟಗಳ ನಿಯಮ ಪುಸ್ತಿಕೆಗಳನ್ನು ಬರೆದು ತಿದ್ದಿದ ಹೆಂಗಸನ್ನು ಎಲ್ಲರೂ ನಿಯಮದಮ್ಮ ಎಂದು ಕರೆಯುತ್ತಿದ್ದರು; ಇಲ್ಲಿಯೂ ಅವಳು ಹಾಗೆಯೇ ಬರುತ್ತಾಳೆ. ಬರೆಯುತ್ತಿರುವವಳು ಅವಳೇ ಎಂಬುದನ್ನು ಮುಚ್ಚಿಡುವ ಉದ್ದೇಶವಿಲ್ಲ. ಮುಚ್ಚಿಟ್ಟದ್ದು ಈಗಾಗಲೇ ಸಾಕಷ್ಟಾಗಿದೆ.

ಗ್ರಂಥ ಸಮಿತಿಯವರು ಅವಳಿಗೆ ವಹಿಸಿದ ವಿಷಯ "ಸಾಹೇಬರ ವ್ಯವಹಾರ ನಿರ್ಧಾರಗಳ ನ್ಯಾಯವಾದ ತೂಕ". ಆ ತೂಕದಲ್ಲಿ ಒಂದು ಕಪ್ಪು ಚುಕ್ಕೆಯನ್ನು ಎಲ್ಲರೂ ಎತ್ತಿ ತೋರಿಸುತ್ತಾರೆ: ಲೆಕ್ಕದ ಮೇಷ್ಟ್ರು ಎಂಬ ಪ್ರತಿಭಾವಂತರನ್ನು ಅವರು ಒಂದೇ ಒಂದು ಆಟದ ನಂತರ ಕೈಬಿಟ್ಟರು ಎಂಬುದು. ಉಳಿದದ್ದನ್ನೆಲ್ಲ ಬೇರೆಯವರು ಚೆನ್ನಾಗಿಯೇ ಬರೆಯುತ್ತಾರೆ. ಆ ಚುಕ್ಕೆಯ ಬಗ್ಗೆ ಬರೆಯಬಲ್ಲವಳು ಇವಳೊಬ್ಬಳೇ. ಬರೆದರೆ ಅವರ ಹೆಸರಿನ ಮಸಿ ಕಳೆಯುತ್ತದೆ, ಇವಳ ಹೆಸರಿಗೆ ಅಂಟುತ್ತದೆ.

ನಿಯಮದಮ್ಮ ಕೆಲಸಕ್ಕೆ ಸೇರಿದ್ದು ಸಂಸ್ಥೆಗೆ ಎರಡು ವರ್ಷ ತುಂಬಿದಾಗ. ಮುಚ್ಚಿಹೋಗಿದ್ದ ಹೊಲಿಗೆ ಕಾರ್ಖಾನೆಯೊಂದರ ಮಹಡಿ ಅದು. ಬಟ್ಟೆ ಕತ್ತರಿಸುವ ಉದ್ದನೆಯ ಮೇಜುಗಳನ್ನು ಅವರು ಬಿಟ್ಟುಹೋಗಿದ್ದರು, ಇವರು ಅವುಗಳ ಮೇಲೆ ಆಡುತ್ತಿದ್ದರು. ಸಂದರ್ಶನವೆಂದರೆ ಒಂದೇ ಪ್ರಶ್ನೆ. ಸಾಹೇಬರು ಒಂದು ಕಾಗದ ಮುಂದಿಟ್ಟು, "ಕೊಡೆ ಬಿಚ್ಚೋದು ಹೇಗೆ ಅಂತ ಬರೀರಿ" ಎಂದರು. ಅವಳು ನಾಲ್ಕು ಸಾಲು ಬರೆದಳು. ಅವರು ಮೂಲೆಯಲ್ಲಿದ್ದ ಕೊಡೆ ತಂದು, ಬರೆದದ್ದನ್ನು ಅಕ್ಷರಶಃ ಪಾಲಿಸಿ, ತುದಿಯನ್ನು ತಮ್ಮ ಮುಖಕ್ಕೇ ಹಿಡಿದು ಗುಂಡಿ ಒತ್ತಿದರು.

"ನೋಡಿ, ನೀವು ಬರೆದ ಹಾಗೆ ಮಾಡಿದ್ದಕ್ಕೆ ನನ್ನ ಕಣ್ಣೇ ಹೋಗ್ತಿತ್ತು. ಯಾವ ಕಡೆ ಹಿಡೀಬೇಕು ಅಂತ ಬರೀಲೇ ಇಲ್ಲ."

"ಅದು ಎಲ್ಲರಿಗೂ ಗೊತ್ತಿರುತ್ತಲ್ಲ ಸಾರ್?"

"ಆ ಮಾತನ್ನ ಇವತ್ತೇ ಮರೆತುಬಿಡಿ. ನಾಳೆಯಿಂದ ಕೆಲಸಕ್ಕೆ ಬನ್ನಿ."

ಅವಳು ಕೆಲಸಕ್ಕೆ ಬಂದಳು. ಮಾತನ್ನು ಮಾತ್ರ ಮರೆಯಬೇಕಾದಷ್ಟು ಮರೆಯಲಿಲ್ಲ.

ಸಂಸ್ಥೆಯ ಒಂದು ಪದ್ಧತಿಯನ್ನು ಇಲ್ಲಿ ವಿವರಿಸಬೇಕು, ಏಕೆಂದರೆ ಸಾಹೇಬರ ಎಲ್ಲ ನಿರ್ಧಾರಗಳೂ ಅದರ ಮೇಲೆ ನಿಂತಿದ್ದವು. ಅದರ ಹೆಸರು ಮೌನದ ಶನಿವಾರ. ಯಾವುದೇ ಆಟ ಅಚ್ಚಿಗೆ ಹೋಗುವ ಮೊದಲು, ಆ ಆಟವನ್ನು ಕಂಡು ಕೇಳಿ ಅರಿಯದ ಒಂದು ಸಂಸಾರವನ್ನು ಕರೆಸಿ, ಮುಚ್ಚಿದ ಪೆಟ್ಟಿಗೆಯನ್ನು ಅವರ ಮುಂದಿಡುವುದು. ಅವರು ಪುಸ್ತಿಕೆ ಓದಿಕೊಂಡು ತಾವೇ ಆಡಬೇಕು. ಸಂಸ್ಥೆಯವರೆಲ್ಲ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿ ನಿಲ್ಲಬೇಕು. ಕೇಳಿದರೂ ಉತ್ತರ ಹೇಳಕೂಡದು. ಒಬ್ಬರ ಕೈಗೆ ಮಾತ್ರ ವಿನಾಯಿತಿ, ನಿಯಮದಮ್ಮನದ್ದಕ್ಕೆ. ಆಡುವವರು ಕೇಳಿದ ಪ್ರತಿ ಪ್ರಶ್ನೆಯನ್ನೂ, ಹುಬ್ಬು ಗಂಟಿಕ್ಕಿದ ಪ್ರತಿ ಗಳಿಗೆಯನ್ನೂ ಅವಳು ಹಸಿರು ರಟ್ಟಿನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಬಾಯಿ ಬಿಟ್ಟವರಿಗೆ ಶಿಕ್ಷೆ: ಮುಂದಿನ ಮೂರು ಶನಿವಾರ ಪೆಟ್ಟಿಗೆಗಳಿಗೆ ಅಂಟು ಬಳಿಯುವುದು. ಒಮ್ಮೆ ಸಾಹೇಬರೇ ತಡೆಯಲಾರದೆ "ಅಯ್ಯೋ, ಅಲ್ಲಲ್ಲ!" ಎಂದು ಕೂಗಿಬಿಟ್ಟರು. ಮೂರು ಶನಿವಾರ ತೋಳು ಮಡಚಿ ಅಂಟು ಬಳಿದರು, ಅದೂ ಎಲ್ಲರಿಗಿಂತ ಕೆಟ್ಟದಾಗಿ.

"ಆಡೋರು ತಪ್ಪು ಮಾಡಲ್ಲ, ಪುಸ್ತಿಕೆ ಮಾಡುತ್ತೆ. ಪುಸ್ತಿಕೆ ಸರಿ ಇದ್ರೆ ಆಟ ಮಾಡುತ್ತೆ" ಎಂಬುದು ಅವರ ಸೂತ್ರ. ಇದರಾಚೆಗೆ ಅವರಿಗೆ ಬೇರೆ ವ್ಯಾಪಾರಶಾಸ್ತ್ರ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಇನ್ನು ತೂಕದ ಮಾತು. ನಲವತ್ತಾರು ಆಟಗಳನ್ನು ಹೊರತಂದರು. ಅವುಗಳಲ್ಲಿ ಹತ್ತೋ ಹನ್ನೆರಡೋ ಮನೆಮನೆಗಳಲ್ಲಿ ಮೂಲೆ ಸವೆದು, ಪಟ್ಟಿ ಅಂಟಿಸಿಕೊಂಡು ಇನ್ನೂ ಬದುಕಿವೆ. ಅಂಗಡಿಯಾಟವೆಂಬ, ಇಸ್ಪೀಟಿನಂಥ ಚೀಟಿಯಾಟ ಬಿಸಿಬಿಸಿಯಾಗಿ ಮಾರಾಟವಾದಾಗ ಎಲ್ಲರೂ ಸಾಹೇಬರ ದೂರದೃಷ್ಟಿಯನ್ನು ಕೊಂಡಾಡಿದರು. ನಿಜವೆಂದರೆ ಅವರಿಗೆ ಆ ಆಟ ಹಿಡಿಸಿರಲೇ ಇಲ್ಲ, ಮುದ್ರಣಾಲಯ ಆ ತಿಂಗಳು ಖಾಲಿ ಇತ್ತೆಂದು ಅಚ್ಚು ಹಾಕಿಸಿದ್ದು. ಇದನ್ನು ದೂರದೃಷ್ಟಿ ಎಂದು ಬರೆದರೆ ಅವರೇ ಅಡ್ಡಗೆರೆ ಎಳೆಯುತ್ತಾರೆ. ಮರದ ಕಾಯಿಗಳನ್ನು ಬಿಟ್ಟು ಪ್ಲಾಸ್ಟಿಕ್ಕಿಗೆ ಹೋಗಿ ಎಂದು ದೊಡ್ಡ ವ್ಯಾಪಾರಿಗಳು ಒತ್ತಾಯಿಸಿದಾಗ ಒಪ್ಪದೆ ಇದ್ದುದನ್ನು ಮೊಂಡುತನ ಎಂದರು. ಆ ಕಾಯಿಗಳು ಇಪ್ಪತ್ತು ವರ್ಷದ ಮೇಲೂ ಮಾಸಿಲ್ಲ. ಪಾರಿವಾಳದಾಟವನ್ನು ಆರು ತಿಂಗಳಲ್ಲಿ ಕೊಡುತ್ತೇನೆಂದು ಮುಂಗಡ ಚಂದಾದಾರರಿಗೆ ಮಾತು ಕೊಟ್ಟು ಮೂರು ವರ್ಷ ಕಾಯಿಸಿದ್ದು ಮಾತ್ರ ಶುದ್ಧ ತಪ್ಪು. ಆದರೆ ಚಂದಾದಾರರಲ್ಲಿ ಒಬ್ಬೊಬ್ಬರಿಗೂ ಸ್ವಂತ ಕೈಯಲ್ಲಿ ಬರೆದ ಪತ್ರದಲ್ಲಿ ಮುದ್ರಣಾಲಯವನ್ನಾಗಲಿ, ಹಡಗನ್ನಾಗಲಿ, ಗ್ರಹಗತಿಯನ್ನಾಗಲಿ ದೂರಲಿಲ್ಲ. "ತಡವಾಗಿದೆ. ನನ್ನ ಅಂದಾಜು ತಪ್ಪಿತು" ಎಂದಷ್ಟೇ ಬರೆದರು. ಭಾವಮೈದುನ ರೂಪಿಸಿದ ಆಟವೊಂದನ್ನು ಪ್ರಕಟಿಸಿದ್ದರ ಬಗ್ಗೆ ಹೆಚ್ಚು ಹೇಳದಿರುವುದು ಲೇಸು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಆ ಹೆಗ್ಗಣಕ್ಕೆ ಸಾಹೇಬರು ಪೆಟ್ಟಿಗೆಯನ್ನೂ ಮಾಡಿಸಿದರು.

ಅವರ ಒಳ್ಳೆಯತನಗಳನ್ನು ಪಟ್ಟಿ ಮಾಡಿದರೆ ಅವರಿಗೆ ಮುಜುಗರ. ಎರಡನ್ನು ಹೇಳಿ ಬಿಡುವುದು. ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡ ಟೆಲಿಫೋನ್ ಆಪರೇಟರ್ ಒಬ್ಬರು ತಮಗಿನ್ನು ಚೀಟಿಯಾಟ ಇಲ್ಲವೆಂದು ಬರೆದಾಗ, ಸಾಹೇಬರು ಒಂದು ಕಟ್ಟು ಚೀಟಿಗಳನ್ನು ತೆಗೆದುಕೊಂಡು ಪ್ರತಿಯೊಂದರ ಅಂಚಿಗೂ ಬೆರಳಿಗೆ ಸಿಗುವಂತೆ ಕಚ್ಚು ಹಾಕಿ, ಕಣ್ಣು ಮುಚ್ಚಿಕೊಂಡು ತಾವೇ ಒಂದು ವಾರ ಆಡಿ ನೋಡಿ ಕಳುಹಿಸಿದರು. ಇನ್ನೊಂದು, ನಿಯಮದಮ್ಮನ ತಾಯಿ ಎಂಟು ತಿಂಗಳು ಹಾಸಿಗೆ ಹಿಡಿದಿದ್ದಾಗಿನದು. ಅವಳು ರಾಜೀನಾಮೆ ಬರೆದು ತಂದಳು. ಅವರು ಅದನ್ನು ಓದದೆ, "ಹಾಗಾದ್ರೆ ಮುಂದಿನ ಮೌನದ ಶನಿವಾರ ನಿಮ್ಮ ಮನೇಲಿ" ಎಂದರು. ತಾಯಿಯ ಹಾಸಿಗೆಯ ಪಕ್ಕ ಮೇಜು ಹಾಕಿ ನಾಲ್ಕು ಆಟಗಳನ್ನು ಅಲ್ಲಿಯೇ ಪರೀಕ್ಷಿಸಿದರು. ಆ ತಾಯಿ ಕೇಳಿದಷ್ಟು ಪ್ರಶ್ನೆಗಳನ್ನು ಆ ಮೇಲೆ ಯಾರೂ ಕೇಳಲಿಲ್ಲ. ಕೊನೆಯ ದಿನಗಳಲ್ಲಿ ಆಕೆಗೆ ತಾನೊಬ್ಬ ರೋಗಿ ಎಂಬುದಕ್ಕಿಂತ ತಾನೊಬ್ಬ ಪರೀಕ್ಷಕಿ ಎಂಬುದೇ ಹೆಚ್ಚು ನೆನಪಿತ್ತು.

ಇಂಥ ಮನುಷ್ಯನ ಮುಂದೆ ತಪ್ಪೊಪ್ಪಿಕೊಳ್ಳಲು ಹೆದರಿಕೆ ಏಕೆ ಎಂದು ಓದುಗರು ಕೇಳಬಹುದು. ಹೆದರಿಕೆ ಇರಲಿಲ್ಲ. ಅದಕ್ಕಿಂತ ಕೆಟ್ಟದ್ದು ಇತ್ತು.

ಸಂಸ್ಥೆಗೆ ಹದಿಮೂರು ವರ್ಷ ತುಂಬಿದ ಸಮಯದಲ್ಲಿ ಲೆಕ್ಕದ ಮೇಷ್ಟ್ರು ಮೆಟ್ಟಿಲು ಹತ್ತಿ ಬಂದರು. ಎರಡು ಬೀದಿಯಾಚೆಯ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವರು. ಅಂಗಿಯ ತೋಳಿನ ಮೇಲೆ ಸೀಮೆಸುಣ್ಣದ ಪುಡಿ, ಕಂಕುಳಲ್ಲಿ ಚಪ್ಪಲಿ ಡಬ್ಬಿ. ಡಬ್ಬಿಯೊಳಗೆ ರಟ್ಟು ಕತ್ತರಿಸಿ ಮಾಡಿದ ಒಂದು ಆಟ.

"ಇದು ಆಟ ಅಂತಲ್ಲ ಸಾರ್, ಒಂದು ಲೆಕ್ಕ ಅಷ್ಟೇ. ಆದ್ರೆ ನನ್ನ ಮಗಳು ದಿನಾ ಆಡೋಣ ಆಡೋಣ ಅಂತ ಪೀಡಿಸ್ತಾಳೆ. ಅದಕ್ಕೆ ತಂದೆ" ಎಂದರು. ತಂದದ್ದಕ್ಕೆ ಕ್ಷಮೆ ಕೇಳುವ ದನಿ.

ಆಟದ ಹೆಸರು ಆಚೆ ದಡ. ಪ್ರತಿಯೊಬ್ಬರಿಗೂ ಆರು ಜನರ ಒಂದೊಂದು ಸಂಸಾರ. ಎಲ್ಲರಿಗೂ ಸೇರಿ ಒಂದೇ ದೋಣಿ. ಅದರಲ್ಲಿ ಇಬ್ಬರಿಗೆ ಮಾತ್ರ ಜಾಗ. ಎಲ್ಲರಿಗಿಂತ ಮೊದಲು ತನ್ನವರನ್ನೆಲ್ಲ ದಾಟಿಸಿದವರು ಗೆದ್ದಂತೆ. ಒಬ್ಬರು ತಮ್ಮವರಿಬ್ಬರನ್ನು ದಾಟಿಸಿದ ಮೇಲೆ ಖಾಲಿಯಾದ ದೋಣಿಯನ್ನು ಕೂಡಲೇ ಈಚೆ ದಡಕ್ಕೆ ತಂದಿಡಬೇಕು, ಆಗ ಮುಂದಿನವರ ಸರದಿ. ಸಾಹೇಬರು ಎರಡು ಸಲ ಆಡಿ, ಎರಡು ಸಲವೂ ಸೋತು, ಮೂರನೆಯ ಸಲಕ್ಕೆ ಕಾಯಿಗಳನ್ನು ಜೋಡಿಸುತ್ತಲೇ ಹೇಳಿದರು: "ಮೇಷ್ಟ್ರೇ, ನಾನು ಹದಿಮೂರು ವರ್ಷದಿಂದ ಇದಕ್ಕೇ ಕಾಯ್ತಿದ್ದೆ." ಸಂಸ್ಥೆಯ ಚರಿತ್ರೆಯಲ್ಲೇ ದೊಡ್ಡ ಮುದ್ರಣಕ್ಕೆ ಹೇಳಿಬಿಟ್ಟರು.

ಪುಸ್ತಿಕೆ ಎಂಟು ಪುಟದೊಳಗೆ ಮುಗಿಯಬೇಕಿತ್ತು. ಒಂದು ಸಾಲು ಹೆಚ್ಚಾದರೂ ಇನ್ನೊಂದು ಹಾಳೆ. ನಿಯಮದಮ್ಮ ಅಳೆದು ಸುರಿದು, ದೋಣಿಯನ್ನು ವಾಪಸ್ಸು ತರುವ ಆ ಒಂದು ವಾಕ್ಯವನ್ನು ಪಠ್ಯದಿಂದ ತೆಗೆದು ಚಿತ್ರದ ಅಡಿಬರಹಕ್ಕೆ ಸೇರಿಸಿದಳು. ಮರುವಾರ ಚಿತ್ರವನ್ನು ದೊಡ್ಡದು ಮಾಡಲೆಂದು ಅಡಿಬರಹವನ್ನು ತೆಗೆದವಳೂ ಅವಳೇ. ಆ ವಾಕ್ಯ ಎಲ್ಲಿಯೂ ಉಳಿಯಲಿಲ್ಲ. ಆನಂತರ ಕರಡನ್ನು ಐದು ಜನ ಓದಿದರು. ಐವರಿಗೂ ಆಟ ಬರುತ್ತಿತ್ತು. ಆದ್ದರಿಂದ ಐವರೂ ಇಲ್ಲದ ವಾಕ್ಯವನ್ನು ಇದೆಯೆಂದೇ ಓದಿಕೊಂಡು ಮುಂದೆ ಹೋದರು.

ಇಂಥದ್ದನ್ನು ಹಿಡಿಯಲೆಂದೇ ತಾನೆ ಮೌನದ ಶನಿವಾರ ಇದ್ದದ್ದು! ಆ ಶನಿವಾರ ಬಂದದ್ದು ಗಂಡ, ಹೆಂಡತಿ, ಒಬ್ಬಳು ಮಗಳು ಮತ್ತು ಅಜ್ಜಿ. ಮೊದಲ ಇಬ್ಬರು ದಾಟಿದರು. ದೋಣಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ ಅಜ್ಜಿ ತಲೆಯೆತ್ತಿ ನೇರ ನಿಯಮದಮ್ಮನನ್ನು ನೋಡಿ, "ಇದನ್ನ ವಾಪಸ್ ತರಬೇಕೇನಮ್ಮ?" ಎಂದು ಮೆಲ್ಲಗೆ ಕೇಳಿದರು.

ನಿಯಮದಮ್ಮ ಹೌದೆಂದು ತಲೆಯಾಡಿಸಿದಳು.

ಮಾತಾಡಲಿಲ್ಲ, ಹಿರಿಯರು ಕೇಳಿದಾಗ ತಲೆ ತಾನಾಗಿ ಆಡುತ್ತದಲ್ಲ, ಹಾಗೆ. ಸಾಹೇಬರು ಆಗ ಎದುರು ಗೋಡೆಗೆ ಒರಗಿ ಆ ಹುಡುಗಿಯ ಮುಖ ನೋಡುತ್ತಿದ್ದರು. ಟಿಪ್ಪಣಿ ಪುಸ್ತಕ ಇವಳ ಕೈಯಲ್ಲೇ ಇತ್ತು. ಉತ್ತರ ಸಿಕ್ಕಿಬಿಟ್ಟ ಪ್ರಶ್ನೆ ಪ್ರಶ್ನೆಯೆಂದೇ ಅವಳಿಗೆ ಅನ್ನಿಸಲಿಲ್ಲ, ಬರೆಯಲಿಲ್ಲ. ಆ ಸಂಸಾರ ನಗುತ್ತಾ, ಜಗಳವಾಡುತ್ತಾ ಆಟ ಮುಗಿಸಿ ಇನ್ನೊಂದು ಸುತ್ತು ಬೇಕೆಂದಿತು. ಹಸಿರು ಪುಸ್ತಕದಲ್ಲಿ ಆ ದಿನದ ಪುಟ ಬಹುಪಾಲು ಖಾಲಿ. ಸಾಹೇಬರು ಅದನ್ನು ಕಂಡು, "ಹದಿಮೂರು ವರ್ಷದಲ್ಲಿ ಇಷ್ಟು ಸ್ವಚ್ಛ ಪುಟ ನೋಡಿಲ್ಲ ಕಣಮ್ಮ" ಎಂದು ಅವಳ ಬೆನ್ನು ತಟ್ಟಿದರು.

ಆಟ ಅಂಗಡಿಗಳಿಗೆ ಹೋಗಿ ಮೂರು ವಾರಕ್ಕೆ ಪತ್ರಗಳು ಶುರುವಾದವು. ಬೇಸರದ ಆಟ, ಅನ್ಯಾಯದ ಆಟ, ಮೊದಲು ಶುರುಮಾಡಿದವರೇ ಗೆಲ್ಲುವ ಆಟ. ಸಾಹೇಬರು ಸಂಸ್ಥೆಯ ನಾಲ್ವರನ್ನು ಕೂರಿಸಿ ಎರಡು ಸಲ ಆಡಿಸಿದರು. ಆಟ ನೀರಿನಂತೆ ಹರಿಯಿತು, ಏಕೆಂದರೆ ನಾಲ್ವರ ಕೈಯೂ ರೂಢಿಯಿಂದ ದೋಣಿಯನ್ನು ವಾಪಸ್ಸು ತರುತ್ತಿತ್ತು. ಅವರು ಹಸಿರು ಪುಸ್ತಕ ತೆರೆದು ಆ ಸ್ವಚ್ಛ ಪುಟವನ್ನು ಬಹಳ ಹೊತ್ತು ನೋಡಿದರು. ಪುಸ್ತಿಕೆ ಸರಿ ಇದ್ದರೆ ತಪ್ಪು ಆಟದ್ದೇ. ಈ ಆಟ ಬಲ್ಲವರ ಕೈಯಲ್ಲಿ ಮಾತ್ರ ಆಟ, ಉಳಿದವರಿಗೆ ಶಿಕ್ಷೆ ಎಂಬ ತೀರ್ಮಾನಕ್ಕೆ ಬಂದರು. ಕೈಯಲ್ಲಿದ್ದ ಸಾಕ್ಷಿಯನ್ನು ನೋಡಿದರೆ ಅವರ ತೀರ್ಮಾನದಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. ಸಾಕ್ಷಿಯೇ ಸುಳ್ಳಾಗಿತ್ತು.

ಪತ್ರಗಳನ್ನು ತೆರೆಯುವ ಕೆಲಸವೂ ನಿಯಮದಮ್ಮನದ್ದೇ. ಅವುಗಳಲ್ಲಿ ಒಬ್ಬ ಲೇತ್ ಕೆಲಸಗಾರ ಬರೆದದ್ದು ಅವಳಿಗೆ ಇವತ್ತಿಗೂ ಬಾಯಿಪಾಠ: "ದೋಣಿ ಆ ಕಡೆ ಹೋಗಿ ಮೊದಲು ಆಡಿದವರ ಪಾಲಿಗೇ ಉಳಿಯಿತು. ನಾನು ಮುಕ್ಕಾಲು ಗಂಟೆ ಈ ಕಡೆ ಕೂತು ನೋಡಿದೆ. ನಿಮ್ಮ ಆಟದಲ್ಲಿ ನನಗೇನು ಕೆಲಸ ಇತ್ತು, ದಯವಿಟ್ಟು ತಿಳಿಸಿ." ಅವಳು ಪುಸ್ತಿಕೆ ತೆಗೆದು ಎಂಟೂ ಪುಟ ಓದಿದಳು. ಆ ವಾಕ್ಯ ಇರಲಿಲ್ಲ. ಇನ್ನೊಮ್ಮೆ ಓದಿದಳು.

ಪತ್ರವನ್ನು ತೆಗೆದುಕೊಂಡು ಹತ್ತು ಹೆಜ್ಜೆ ಆಚೆಯಿದ್ದ ಸಾಹೇಬರ ಮೇಜಿಗೆ ಹೋಗಿದ್ದರೆ ಈ ಲೇಖನವೇ ಬೇಕಿರಲಿಲ್ಲ. ಅವರು ಮೂರು ಶನಿವಾರದ ಅಂಟಿನ ಶಿಕ್ಷೆ ಕೊಟ್ಟು, ಪುಸ್ತಿಕೆಗೊಂದು ತಿದ್ದುಪಡಿಯ ಚೀಟಿ ಅಚ್ಚು ಹಾಕಿಸಿ ಎಲ್ಲರಿಗೂ ಕಳುಹಿಸುತ್ತಿದ್ದರು. ಆದರೆ ಅವಳ ಪುಸ್ತಿಕೆಯಲ್ಲಿ ತಪ್ಪೇ ಇರುವುದಿಲ್ಲ ಎಂಬ ಖ್ಯಾತಿ ಹನ್ನೊಂದು ವರ್ಷದಲ್ಲಿ ಅವಳ ತಲೆಗೇರಿತ್ತು. ಆ ಹೆಮ್ಮೆಯನ್ನು ಇಳಿಸಿಡಲು ಅವಳಿಗೆ ಮನಸ್ಸು ಬರಲಿಲ್ಲ. ಪತ್ರವನ್ನು ತನ್ನ ಕಾಗದಗಳ ಅಡಿಗೆ ಸೇರಿಸಿದಳು. ಎರಡನೆಯ ಮುದ್ರಣದ ಪ್ರತಿಯಲ್ಲಿ ಆ ವಾಕ್ಯವನ್ನು ಸದ್ದಿಲ್ಲದೆ ಮರಳಿ ಹಾಕಿ, ಎಲ್ಲ ಸರಿಹೋಗುತ್ತದೆಂದು ತನಗೆ ತಾನೇ ಹೇಳಿಕೊಂಡಳು.

ಎರಡನೆಯ ಮುದ್ರಣ ಆಗಲೇ ಇಲ್ಲ. ಹತ್ತು ದಿನಕ್ಕೆ ಸಾಹೇಬರು ಆಟವನ್ನು ಅಂಗಡಿಗಳಿಂದ ವಾಪಸ್ಸು ತರಿಸಿದರು. ಮೇಷ್ಟ್ರು ಆಗಲೇ ಕೊಟ್ಟಿದ್ದ ಎರಡನೆಯ ಆಟದ ಡಬ್ಬಿಯನ್ನು ದಾರ ಬಿಚ್ಚದೆ ಹಿಂದಿರುಗಿಸಿದರು. ಮೇಷ್ಟ್ರು ತಾವೇ ಬಂದು ಡಬ್ಬಿ ತೆಗೆದುಕೊಂಡರು. ಮೆಟ್ಟಿಲ ಬಳಿ ನಿಯಮದಮ್ಮ ಎದುರಾದಳು.

"ಪುಸ್ತಿಕೇಲಿ ಎಲ್ಲಾ ಬರೆದಿತ್ತಲ್ವಾ ಅಮ್ಮಾ? ನಾನು ಓದಲೇ ಇಲ್ಲ. ನಾನೇ ಮಾಡಿದ ಆಟ ಅಲ್ವಾ, ಓದೋದೇನು ಅಂತ ಬಿಟ್ಟೆ."

ಅವಳು ಎರಡನೆಯ ಸಲ ತಲೆಯಾಡಿಸಿದಳು.

"ಹಾಗಾದ್ರೆ ನನ್ನ ಲೆಕ್ಕವೇ ತಪ್ಪು" ಎಂದು ಮೇಷ್ಟ್ರು ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದು ಹೋದರು. ಅವರು ಇನ್ನು ಯಾವ ಪ್ರಕಾಶಕರ ಬಾಗಿಲನ್ನೂ ತಟ್ಟಲಿಲ್ಲ.

ಆಮೇಲಿನದು ಎಲ್ಲರಿಗೂ ತಿಳಿದದ್ದೇ. ಮೇಷ್ಟ್ರ ಬಾಯಿಂದಲೇ ಆಟ ಕಲಿತಿದ್ದ ಪತ್ರಿಕೆಯ ಅಂಕಣಕಾರರೊಬ್ಬರಿಗೆ ಆಚೆ ದಡ ಅದ್ಭುತವಾಗಿ ಕಂಡಿತ್ತು. ಅವರು ವರ್ಷವರ್ಷವೂ ಸಾಹೇಬರನ್ನು "ಒಂದು ಸೋಲಿಗೆ ಮನುಷ್ಯನನ್ನೇ ಬಿಸಾಡುವ ಪ್ರಕಾಶಕ" ಎಂದು ಬರೆದರು. ಅದನ್ನು ಓದಿ ಆಟ ರೂಪಿಸುವ ಇಬ್ಬರು ಹೊಸಬರು ಬೇರೆ ಸಂಸ್ಥೆಗೆ ಹೋದರು. ಸಾಹೇಬರು ಒಂದಕ್ಕೂ ಉತ್ತರ ಕೊಡಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ನಿಯಮದಮ್ಮ ಮಾತ್ರ ಆ ಅಂಕಣ ಬಂದ ದಿನವೆಲ್ಲ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಇಲ್ಲಿ ಮೇಕೆಗಳು ಎರಡು, ಅಷ್ಟೇ ವ್ಯತ್ಯಾಸ. ಇವತ್ತು ಹೇಳೋಣ, ಈ ವರ್ಷ ಹೇಳೋಣ ಎನ್ನುತ್ತಿರುವಾಗಲೇ ನಾಲ್ಕು ವರ್ಷದ ಹಿಂದೆ ಲೆಕ್ಕದ ಮೇಷ್ಟ್ರು ತೀರಿಕೊಂಡರು. ಅವಳು ಅಂತ್ಯಕ್ರಿಯೆಗೂ ಹೋಗಲಿಲ್ಲ. ಹೋಗಲು ಮುಖವಿರಲಿಲ್ಲ.

ಈ ಲೇಖನದ ಮೊದಲ ಪ್ರತಿಯನ್ನು ಓದಿದ ಗ್ರಂಥ ಸಂಪಾದಕರು, ಸಂಸ್ಥೆಯಲ್ಲಿ ಮಾರಾಟ ನೋಡಿಕೊಂಡಿದ್ದವರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಮ್ಮಾ, ಇದು ಅಭಿನಂದನ ಗ್ರಂಥ, ಪೊಲೀಸರಿಗೆ ಕೊಡೋ ಹೇಳಿಕೆ ಅಲ್ಲ. ದೋಣಿ ಭಾಗ ತೆಗೆದುಬಿಡಿ, ಉಳಿದದ್ದು ಚೆನ್ನಾಗಿದೆ."

"ಒಂದು ಸಲ ತೆಗೆದಿದ್ದೀನಿ ಸಾರ್. ಮತ್ತೆ ತೆಗೆಯಲ್ಲ."

ತಾವು ಒಪ್ಪಬೇಕಾದರೆ ಮೊದಲು ಸಾಹೇಬರು ಒಪ್ಪಬೇಕು ಎಂದರು ಸಂಪಾದಕರು. ನಿವೃತ್ತಿಯ ವಾರವಾದ್ದರಿಂದ ಸಾಹೇಬರು ತಮ್ಮ ಕೋಣೆ ಖಾಲಿ ಮಾಡುತ್ತಿದ್ದರು. ಅರ್ಧ ತುಂಬಿದ ರಟ್ಟಿನ ಡಬ್ಬಗಳ ನಡುವೆ ಸ್ಟೂಲಿನ ಮೇಲೆ ಕುಳಿತು ಹಾಳೆಗಳನ್ನು ಓದಿದರು. ಎಂದಿನಂತೆ ಕೈಯಲ್ಲಿ ಪೆನ್ಸಿಲ್ ಇತ್ತು. ಮೊದಲ ಪುಟಗಳಲ್ಲಿ ಎರಡು ಕಡೆ ಗುರುತು ಹಾಕಿದರು, ಭಾವಮೈದುನನ ಹೆಗ್ಗಣದ ಹತ್ತಿರ ನಕ್ಕರು. ಆಮೇಲೆ ಪೆನ್ಸಿಲ್ ಅಲ್ಲಾಡಲಿಲ್ಲ.

ಅಭಿನಂದನ ಲೇಖನದಲ್ಲಿ ಸನ್ಮಾನಿತರು ಸಿಟ್ಟಾದರು ಎಂದು ಬರೆಯಬಾರದಂತೆ. ಅವರು ಸಿಟ್ಟಾದರು.

"ಹದಿನೆಂಟು ವರ್ಷ! ದಿನಾ ನನ್ನ ಎದುರಿಗೇ ಕೂತಿದ್ದೆ ನೀನು. ಅವರು ಬದುಕಿದ್ದಾಗ ಹೇಳೋಕೆ ನಿನಗೆ ಬಾಯಿ ಇರ್ಲಿಲ್ವಾ?" ಹಾಳೆಗಳನ್ನು ಮಡಚುತ್ತಾ, ಅವಳ ಕಡೆ ನೋಡದೆ ಹೇಳಿದರು: "ಹೋಗು. ಇವತ್ತು ನನ್ನ ಮುಂದೆ ನಿಲ್ಲಬೇಡ."

ಅವಳು ಹೋದಳು. ಮೂರನೆಯ ದಿನ ಅವರೇ ಫೋನ್ ಮಾಡಿ ಕರೆಸಿದರು. ಹಾಳೆಗಳು ಮೊಣಕಾಲ ಮೇಲಿದ್ದವು.

"ಇದನ್ನ ಹಾಗೇ ಹಾಕ್ಲಿ, ಒಂದಕ್ಷರಾನೂ ತೆಗೆಯೋದು ಬೇಡ" ಎಂದರು. "ಆದ್ರೆ ಒಂದು ಕಡೆ ನೀನು ಬರೆದದ್ದು ತಪ್ಪು. ನನ್ನ ತೀರ್ಮಾನದಲ್ಲಿ ಎಳ್ಳಷ್ಟೂ ದೋಷ ಇರ್ಲಿಲ್ಲ ಅಂತ ಬರೆದಿದ್ದೀಯ."

"ನಿಮಗೆ ಗೊತ್ತಿರ್ಲಿಲ್ಲ ಸಾರ್. ಸಾಕ್ಷಿನ ನಾನೇ ಕೆಡಿಸಿದ್ದೆ."

"ಸಾಕ್ಷಿ ಕೆಡಿಸಿದ್ದು ನೀನು, ಸರಿ. ಆದ್ರೆ ಆ ಮನುಷ್ಯ ಎರಡು ಬೀದಿ ಆಚೆ ಇದ್ರು ಕಣಮ್ಮ. ಮೇಷ್ಟ್ರೇ, ಬನ್ನಿ, ಪುಸ್ತಿಕೆ ಹಿಡ್ಕೊಂಡು ನಮ್ಮ ಜೊತೆ ಒಂದು ಆಟ ಆಡಿ ಅಂತ ಕರೆಯೋಕೆ ನನಗೇನು ದಾಡಿ ಆಗಿತ್ತು? ಪುಸ್ತಕ ನೋಡಿ ತೀರ್ಪು ಕೊಟ್ಟೆ. ಮನುಷ್ಯನ್ನ ಕೇಳ್ಲಿಲ್ಲ. ಎರಡನೇ ಡಬ್ಬಿಯ ದಾರಾನೂ ಬಿಚ್ಚಲಿಲ್ಲ. ಆ ಅಂಕಣ ಬರೆಯೋರು ಸುಳ್ಳೇನೂ ಬರೀಲಿಲ್ಲ. ನನ್ನ ಪಾಲಿನ ತಪ್ಪು ನನಗಿರ್ಲಿ, ಅದನ್ನೂ ನೀನೇ ಹೊತ್ಕೊಂಡು ಹೋಗ್ಬೇಡ."

ಮೇಲಿನ ಆ ವಾಕ್ಯವನ್ನು ಅವಳು ತಿದ್ದಿಲ್ಲ, ಅವರ ಮಾತನ್ನೇ ಕೆಳಗೆ ಸೇರಿಸಿದ್ದಾಳೆ. ನ್ಯಾಯವಾದ ತೂಕ ಹೇಗಿರಬೇಕೆಂದು ಮೂವತ್ತೊಂದು ವರ್ಷದ ಯಜಮಾನಿಕೆಯ ಕೊನೆಯ ವಾರದಲ್ಲೂ ಅವರೇ ಕಲಿಸಬೇಕಾಯಿತು.

ಮರುದಿನ ಇಬ್ಬರೂ ಮೇಷ್ಟ್ರ ಮನೆಗೆ ಹೋದರು. ಮಗಳು ಕೆಳಗೆ ಔಷಧಿ ಅಂಗಡಿ ನಡೆಸುತ್ತಾಳೆ, ಮೇಲೆ ಮನೆ. ಕೂರಿಸಿ, ನೀರು ಕೊಟ್ಟು, ಎಲ್ಲವನ್ನೂ ಕೇಳಿಸಿಕೊಂಡಳು. ನಿಯಮದಮ್ಮ ತಡವರಿಸುತ್ತಾ ಹೇಳಿ ಮುಗಿಸಿದಾಗ ಅವಳು ಬೈಯಲಿಲ್ಲ, ಅಳಲೂ ಇಲ್ಲ.

"ಅಪ್ಪ ಆಮೇಲೆ ಹೊಸದೇನೂ ಮಾಡ್ಲಿಲ್ಲ. ಜನಕ್ಕೆ ಅರ್ಥ ಆಗೋ ಹಾಗೆ ಯೋಚನೆ ಮಾಡೋಕೆ ನನಗೆ ಬರಲ್ಲ ಅಂತಿದ್ರು" ಎಂದಳು. "ಪಾಠ ಮಾಡೋವಾಗ್ಲೂ ಮೊದಲಿನ ಧೈರ್ಯ ಇರ್ಲಿಲ್ಲ. ಒಂದೊಂದು ಲೆಕ್ಕಾನೂ ಮೂರು ಮೂರು ಸಲ ಹೇಳೋರು."

ನಿಯಮದಮ್ಮನಿಗೆ ಆ ಮಾತಿಗಿಂತ ಎರಡು ಏಟು ತಿಂದಿದ್ದರೆ ಹಗುರವಾಗುತ್ತಿತ್ತು.

ಸಾಹೇಬರು ಎರಡನೆಯ ಆಟದ ಡಬ್ಬಿ ಇದೆಯೇ ಎಂದು ಕೇಳಿದರು. ಮಗಳು ಇಲ್ಲವೆಂದು ತಲೆ ಅಲ್ಲಾಡಿಸಿದಳು. ರಟ್ಟಿನ ಚೀಟಿಗಳ ಹಿಂಬದಿ ಖಾಲಿ ಇತ್ತು. ಅಪ್ಪ ಅವುಗಳ ಮೇಲೆ ಮನೆಪಾಠದ ಮಕ್ಕಳಿಗೆ ಲೆಕ್ಕ ಬರೆದು ಕೊಟ್ಟು ಕೊಟ್ಟು ಮುಗಿಸಿದರು.

"ಆಡಿದ್ದು ನೆನಪಿದೆಯಾ ತಾಯಿ?"

"ಸ್ವಲ್ಪ ಸ್ವಲ್ಪ. ಆಗ ನನಗೆ ಹದಿನಾಲ್ಕು ವರ್ಷ."

ಸಾಹೇಬರು ಜೇಬಿನಿಂದ ಸಣ್ಣ ಪುಸ್ತಕ, ಪೆನ್ಸಿಲ್ ತೆಗೆದರು. "ನೆನಪಿದ್ದಷ್ಟು ಹೇಳು. ತಪ್ಪಾದ್ರೂ ಪರವಾಗಿಲ್ಲ." ಆ ಮಧ್ಯಾಹ್ನ ಎರಡು ನಿಯಮ ಸಿಕ್ಕವು.

ಈಗ ಪ್ರತಿ ಭಾನುವಾರ ಅವರು ಆ ಮೆಟ್ಟಿಲು ಹತ್ತುತ್ತಾರೆ, ಮೊಣಕಾಲು ನೋವನ್ನು ಲೆಕ್ಕಿಸದೆ. ನಿಯಮದಮ್ಮನೂ ಹೋಗುತ್ತಾಳೆ. ಮಗಳು ಅವಳನ್ನು ಬರಬೇಡ ಅಂದಿಲ್ಲ, ಬಾ ಎಂದೂ ಕರೆದಿಲ್ಲ. ಅಷ್ಟನ್ನೇ ಒಪ್ಪಿಗೆ ಎಂದುಕೊಂಡು ನಿಯಮದಮ್ಮ ಮೂಲೆಯ ಕುರ್ಚಿಯಲ್ಲಿ ಕುಳಿತು ಬರೆದುಕೊಳ್ಳುತ್ತಾಳೆ. ಆಟ ಸಿದ್ಧವಾದರೆ ಮುಚ್ಚಳದ ಮೇಲೆ ಯಾರ ಹೆಸರು ಇರಬೇಕೆಂಬ ಬಗ್ಗೆ ಚರ್ಚೆಯೇ ನಡೆದಿಲ್ಲ.

ಇಂಥ ಗ್ರಂಥಗಳಲ್ಲಿ ಕಡೆಗೆ ಆಯುರಾರೋಗ್ಯ ಕೋರುವುದು ರೂಢಿ. ಇಲ್ಲಿ ಅದು ರೂಢಿಯ ಮಾತಲ್ಲ, ಅಗತ್ಯದ ಮಾತು. ಸಾಹೇಬರು ಇನ್ನೂ ಬಹುಕಾಲ ಗಟ್ಟಿಮುಟ್ಟಾಗಿರಲಿ, ಅವರ ಕಣ್ಣಿಗೆ ಬೆಳಕೂ ಕೈಗೆ ಪೆನ್ಸಿಲ್ ಹಿಡಿಯುವ ಶಕ್ತಿಯೂ ಇರಲಿ, ನಿವೃತ್ತಿ ಎಂಬುದು ಅವರ ಪಾಲಿಗೆ ಹೆಸರಿಗೆ ಮಾತ್ರ ಆಗಿರಲಿ. ಕೆಲಸ ಬೇಕಾದಷ್ಟು ಬಾಕಿ ಇದೆ. ಇಲ್ಲಿಯವರೆಗೆ ಹನ್ನೊಂದು ನಿಯಮಗಳು ಸಿಕ್ಕಿವೆ. ಚೀಟಿ ಹಂಚುವುದು ಹೇಗೆ, ಯಾರು ಮೊದಲು ಆಡಬೇಕು, ನಡುವೆ ಎರಡು ಚೀಟಿಗಳನ್ನು ಯಾವಾಗ ಬದಲಿಸಬೇಕು ಎಂಬುದೆಲ್ಲ ಗೊತ್ತಾಗಿದೆ. ಗೆಲ್ಲುವುದು ಹೇಗೆಂಬುದು ಮಾತ್ರ ಮಗಳಿಗೆ ನೆನಪಾಗುತ್ತಿಲ್ಲ. ಅದನ್ನು ಹೇಳಬಲ್ಲವರು ಹದಿನಾಲ್ಕು ವರ್ಷ ಎರಡು ಬೀದಿಯಾಚೆಯೇ ಇದ್ದರು. ಸಾಹೇಬರು ಕೇಳಲಿಲ್ಲ, ನಿಯಮದಮ್ಮ ಹೇಳಲಿಲ್ಲ.